ವಿಮಾನಕ್ಕೆ ಸಹಿ ಹಾಕುವ ಓದು

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಮಳವಳ್ಳಿ, ಮದ್ದೂರು, ಮಂಡ್ಯದ ಮನೆಗಳಲ್ಲಿ ನಡೆಯುವ ಲೆಕ್ಕಾಚಾರ ಬಹುಪಾಲು ಒಂದೇ: ಸಿಇಟಿ ರ‍್ಯಾಂಕಿಗೆ ಯಾವ ಕಾಲೇಜು ಸಿಗುತ್ತದೆ, ಯಾವ ಬ್ರಾಂಚು ಸಿಗುತ್ತದೆ. ವಿಜ್ಞಾನ ಓದಿದ ಮಕ್ಕಳಿಗೆ ಎಂಜಿನಿಯರಿಂಗ್, ಅದು ತಪ್ಪಿದರೆ ಬಿ.ಎಸ್ಸಿ, ಅದೂ ಬೇಡವೆಂದರೆ ನರ್ಸಿಂಗ್ ಎನ್ನುವಷ್ಟರಲ್ಲಿ ಪಟ್ಟಿ ಮುಗಿದಿರುತ್ತದೆ. ಆ ಪಟ್ಟಿಯಲ್ಲಿ ಇರಬೇಕಾಗಿದ್ದೂ ಇಲ್ಲದ ಓದು ವಿಮಾನ ನಿರ್ವಹಣಾ ಎಂಜಿನಿಯರಿಂಗ್. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಪಿಯುಸಿ ಮುಗಿಸಿದವರಿಗೂ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿದವರಿಗೂ ಇದರ ಬಾಗಿಲು ತೆರೆದಿದೆ. ಆದರೆ ಈ ಓದಿನ ಬಗ್ಗೆ ಕೇಳಿಬರುವ ಮಾತುಗಳಲ್ಲಿ ಜಾಹೀರಾತಿನ ಪಾಲು ಹೆಚ್ಚು, ತಿಳಿವಳಿಕೆಯ ಪಾಲು ಕಡಿಮೆ. ಹೀಗಾಗಿ ಕೆಲವರು ಆಸೆಗೆ ಬಿದ್ದು ತಪ್ಪು ಕಡೆ ಸೇರುತ್ತಾರೆ, ಕೆಲವರು ಅಂಜಿ ದೂರ ಉಳಿಯುತ್ತಾರೆ. ಈ ಲೇಖನ ಹೇಳಹೊರಟಿರುವುದು ಒಂದೇ ಮಾತು: ಇಲ್ಲಿ ಕೊನೆಗೆ ಬೆಲೆ ಬರುವುದು ಪದವಿಯ ಹೆಸರಿಗಲ್ಲ, ವಿಮಾನ ಹಾರಲು ಯೋಗ್ಯವಾಗಿದೆ ಎಂದು ಸಹಿ ಹಾಕುವ ಅಧಿಕಾರಕ್ಕೆ. ಆ ಅಧಿಕಾರ ದಕ್ಕುವುದು ನಿಜವಾದ ವಿಮಾನದ ಮೇಲೆ ಕೈ ಪಳಗಿದ ಮೇಲೆ. ಆದ್ದರಿಂದ ಕಾಲೇಜನ್ನು ಅಳೆಯಬೇಕಾದ್ದೂ ಇದೇ ಅಳತೆಯಲ್ಲಿ.

ಹೆಸರು ಹತ್ತಿರ, ದಾರಿ ದೂರ

ಮೊದಲು ಒಂದು ಗೊಂದಲ ಬಗೆಹರಿಯಬೇಕು. ಏರೋನಾಟಿಕಲ್ ಎಂಜಿನಿಯರಿಂಗಿನಲ್ಲಿ ಬಿ.ಇ. ಮಾಡಿದವರು ವಿಮಾನದ ವಿನ್ಯಾಸ, ವಿಶ್ಲೇಷಣೆ, ತಯಾರಿಕೆಯ ಕಡೆಗೆ ಹೋಗುತ್ತಾರೆ. ವಿಮಾನ ನಿರ್ವಹಣೆ ಓದಿದವರು ಹಾರಾಟದಲ್ಲಿರುವ ವಿಮಾನವನ್ನು ಪರೀಕ್ಷಿಸಿ, ಬಿಚ್ಚಿ, ದುರಸ್ತಿ ಮಾಡಿ, ಮತ್ತೆ ಹಾರಾಟಕ್ಕೆ ಒಪ್ಪಿಸುತ್ತಾರೆ. ಈ ಒಪ್ಪಿಸುವ ಕೆಲಸಕ್ಕೆ ಕಾನೂನಿನ ಬಲ ಇದೆ. ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಸಿಎಆರ್-66 ಎಂಬ ನಿಯಮದಡಿ ಕೊಡುವ ಲೈಸೆನ್ಸ್ ಇದ್ದವರು ಮಾತ್ರ, ಅದೂ ತಮ್ಮ ಕಂಪನಿ ಅಧಿಕಾರ ಕೊಟ್ಟ ಮೇಲೆ, ರಿಲೀಸ್ ಸರ್ಟಿಫಿಕೇಟಿಗೆ ಸಹಿ ಹಾಕಬಹುದು. ಕಾನೂನು ಪದವಿ ಪಡೆದವರು ವಕೀಲರ ಪರಿಷತ್ತಿನ ಸನ್ನದು ಇಲ್ಲದೆ ವಕಾಲತ್ತು ಹಾಕಲಾಗದು. ಇಲ್ಲಿಯೂ ಪದವಿಗೂ ಲೈಸೆನ್ಸಿಗೂ ಅಷ್ಟೇ ಅಂತರ.

ಲೈಸೆನ್ಸಿನಲ್ಲೂ ಬಗೆಗಳಿವೆ. ‘ಎ’ ವರ್ಗದವರು ಸಣ್ಣಪುಟ್ಟ ನಿಗದಿತ ಕೆಲಸಗಳನ್ನು ಮಾಡಿ, ತಾವು ಮಾಡಿದ್ದಕ್ಕೆ ತಾವೇ ಸಹಿ ಹಾಕುತ್ತಾರೆ. ‘ಬಿ1’ ಎಂದರೆ ಯಂತ್ರ, ಎಂಜಿನ್, ಒಡಲಿನ ಕಡೆಯವರು, ಅದರಲ್ಲೂ ಬಿ1.1 ಟರ್ಬೈನ್ ಎಂಜಿನ್ನಿನ ವಿಮಾನಗಳಿಗೆ, ಬಿ1.2 ಪಿಸ್ಟನ್ ವಿಮಾನಗಳಿಗೆ, ಬಿ1.3 ಮತ್ತು ಬಿ1.4 ಹೆಲಿಕಾಪ್ಟರುಗಳಿಗೆ. ‘ಬಿ2’ ಎಂದರೆ ಏವಿಯಾನಿಕ್ಸ್: ವಿದ್ಯುತ್, ಸಂಪರ್ಕ, ದಿಕ್ಸೂಚಿ ಉಪಕರಣಗಳು. ‘ಸಿ’ ವರ್ಗ ಅನುಭವಿಗಳದ್ದು, ಹ್ಯಾಂಗರಿನಲ್ಲಿ ನಡೆದ ದೊಡ್ಡ ತಪಾಸಣೆ ಮುಗಿದ ಮೇಲೆ ಇಡೀ ವಿಮಾನಕ್ಕೆ ಸಹಿ ಹಾಕುವಂಥದ್ದು. ವಿಮಾನಯಾನ ಕಂಪನಿಗಳಲ್ಲಿ ಹೆಚ್ಚು ಕೇಳುವುದು ಬಿ1.1 ಮತ್ತು ಬಿ2. ಸೇರುವ ಮೊದಲೇ ಯಾವ ವರ್ಗ ಎಂದು ತೀರ್ಮಾನಿಸಬೇಕು. ಸ್ಪ್ಯಾನರ್, ಎಂಜಿನ್, ಲೋಹ ಇವುಗಳತ್ತ ಮನಸ್ಸಿದ್ದವರು ಬಿ1ರ ಕಡೆ, ಸರ್ಕ್ಯೂಟ್, ಮೀಟರ್, ಕಂಪ್ಯೂಟರ್ ಇಷ್ಟಪಡುವವರು ಬಿ2ರ ಕಡೆ ಹೋಗುವುದು ಒಳ್ಳೆಯದು.

ಕೈ ಪಳಗಬೇಕು, ಕಡತ ತೆರೆಯಬೇಕು

ಕೈಕೆಲಸದ ಓದು ಎಂದೊಡನೆ ಅದನ್ನು ಗ್ಯಾರೇಜಿನ ಮಟ್ಟದ್ದೆಂದು ತಳ್ಳಿಹಾಕುವವರಿದ್ದಾರೆ. ಅಪಘಾತಗಳ ತನಿಖಾ ವರದಿಗಳನ್ನು ನೋಡಿದರೆ ಈ ಕೆಲಸದ ತೂಕ ಗೊತ್ತಾಗುತ್ತದೆ. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್‌ನ 5390ನೇ ಹಾರಾಟದಲ್ಲಿ ಕಾಕ್‌ಪಿಟ್ಟಿನ ಮುಂಗಾಜು ಆಕಾಶದಲ್ಲೇ ಕಿತ್ತುಹೋಯಿತು. ಕ್ಯಾಪ್ಟನ್ ಅವರ ಅರ್ಧ ದೇಹ ಹೊರಗೆ ಸೆಳೆಯಲ್ಪಟ್ಟಿತು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡರು, ಸಹಪೈಲಟ್ ವಿಮಾನ ಇಳಿಸಿದರು, ಕ್ಯಾಪ್ಟನ್ ಬದುಕಿದರು. ಹಿಂದಿನ ದಿನವಷ್ಟೇ ಆ ಗಾಜು ಬದಲಿಸಲಾಗಿತ್ತು. ಅದನ್ನು ಹಿಡಿದಿದ್ದ 90 ಬೋಲ್ಟುಗಳಲ್ಲಿ 84ರ ವ್ಯಾಸ ಇರಬೇಕಾದ್ದಕ್ಕಿಂತ ಸುಮಾರು 0.66 ಮಿಲಿಮೀಟರ್ ಕಡಿಮೆಯಿತ್ತು. ಕೆಲಸ ಮಾಡಿದವರು ಅನುಭವಿಗಳೇ. ಆದರೆ ಬಿಡಿಭಾಗಗಳ ಪಟ್ಟಿ ತೆರೆದು ನೋಡದೆ, ಹಳೆಯ ಬೋಲ್ಟಿಗೆ ಹೊಸದನ್ನು ಕಣ್ಣಳತೆಯಲ್ಲಿ ಹೊಂದಿಸಿದ್ದರು. ಕೈ ಪಳಗಿತ್ತು, ಕಡತ ಮುಚ್ಚಿತ್ತು.

ಇನ್ನೊಂದು ಪ್ರಕರಣದಲ್ಲಿ ಲೋಪವಾದದ್ದು ರಿವೆಟ್ ಸಾಲಿನಲ್ಲಿ. 1978ರಲ್ಲಿ ಬಾಲ ನೆಲಕ್ಕೆ ತಗುಲಿದ ಜಪಾನ್ ಏರ್‌ಲೈನ್ಸ್‌ನ ಬೋಯಿಂಗ್ 747 ವಿಮಾನದ ಹಿಂಬದಿಯ ಒತ್ತಡ ತಡೆಗೋಡೆಯನ್ನು ದುರಸ್ತಿ ಮಾಡಲಾಯಿತು. ಒಂದೇ ಆಗಿರಬೇಕಿದ್ದ ತೇಪೆಯ ತಗಡನ್ನು ಎರಡಾಗಿ ತುಂಡರಿಸಿ ಕೂರಿಸಿದ್ದರಿಂದ, ಎರಡು ಸಾಲು ರಿವೆಟ್‌ಗಳು ಹೊರಬೇಕಿದ್ದ ಭಾರವನ್ನು ಒಂದೇ ಸಾಲು ಹೊರಬೇಕಾಯಿತು. ಏಳು ವರ್ಷ ಅದು ತಡೆದುಕೊಂಡಿತು. 1985ರ ಆಗಸ್ಟ್ 12ರಂದು ಗೋಡೆ ಒಡೆದು, 123ನೇ ಹಾರಾಟದಲ್ಲಿದ್ದ 520 ಮಂದಿ ಸತ್ತರು. ಇಲ್ಲಿ ನಕ್ಷೆಯಲ್ಲಿದ್ದದ್ದು ಕೈಯಲ್ಲಿ ಬರಲಿಲ್ಲ. ಎರಡೂ ಪ್ರಕರಣಗಳು ಕಲಿಸುವುದು ಒಂದೇ ಪಾಠ. ಪುಸ್ತಕ ಓದಿ ಪರೀಕ್ಷೆ ಪಾಸಾದವರಿಂದ ಮಾತ್ರ ವಿಮಾನ ಸುರಕ್ಷಿತವಾಗದು, ಕೈಚಳಕವೊಂದನ್ನೇ ನಂಬಿದವರಿಂದಲೂ ಆಗದು. ಮ್ಯಾನ್ಯುಯಲ್ಲಿನ ಸಾಲು ಕೈಗೆ ಇಳಿಯಬೇಕು, ಕೈ ಮಾಡಿದ್ದು ಮತ್ತೆ ದಾಖಲೆಗೆ ಏರಬೇಕು. ಈ ಅಭ್ಯಾಸ ತರಗತಿಯ ಕಪ್ಪು ಹಲಗೆಯಿಂದ ಬರುವುದಿಲ್ಲ. ವರ್ಷಗಟ್ಟಲೆ ವರ್ಕ್‌ಶಾಪಿನಲ್ಲಿ ನಿಂತು, ತಪ್ಪಿದಾಗ ಮೇಲಿನವರು ಬಿಚ್ಚಿಸಿ ಮತ್ತೆ ಮಾಡಿಸಿದಾಗ ಬರುತ್ತದೆ. ಪ್ರಾಯೋಗಿಕ ತರಬೇತಿಯನ್ನು ಪಠ್ಯದ ಜೊತೆಗಿನ ಸೌಕರ್ಯವೆಂದು ಎಣಿಸದೆ, ಓದಿನ ತಿರುಳೆಂದೇ ತಿಳಿಯಬೇಕಾದ್ದು ಈ ಕಾರಣಕ್ಕೆ.

ನಮ್ಮ ನೆಲದ ಹಿನ್ನೆಲೆ

ಇದು ನಮ್ಮ ಕಡೆಯವರಿಗೆ ಆಗಿಬರುವ ವಿದ್ಯೆಯಲ್ಲ ಎನ್ನುವವರು ಇತಿಹಾಸ ನೋಡಬೇಕು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಉತ್ಪಾದನೆ ಶುರುವಾಗಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಇದೇ ತಾಲ್ಲೂಕಿನ ಶಿಂಷಾ ವಿದ್ಯುದಾಗಾರ 1940ರದ್ದು. ನೂರು ವರ್ಷ ದಾಟಿದ ಸ್ಥಾವರವೊಂದು ಇಂದಿಗೂ ವಿದ್ಯುತ್ ಕೊಡುತ್ತಿದೆ ಎಂದರೆ ಅದಕ್ಕೆ ತಲೆಮಾರುಗಳ ನಿರ್ವಹಣೆಯೇ ಕಾರಣ. 1940ರ ಡಿಸೆಂಬರಿನಲ್ಲೇ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ಇಂದಿನ ಎಚ್‌ಎಎಲ್ ಅದರಿಂದ ಬೆಳೆದದ್ದು. ವಿಮಾನ ಕಟ್ಟಲೆಂದು ಹುಟ್ಟಿದ ಆ ಕಾರ್ಖಾನೆ ಎರಡನೇ ಮಹಾಯುದ್ಧದ ನಡುವೆ, 1943ರಿಂದ, ಅಮೆರಿಕದ ವಾಯುಪಡೆಯ ವಿಮಾನಗಳ ದುರಸ್ತಿ ಮತ್ತು ಓವರ್‌ಹಾಲ್ ಕೇಂದ್ರವಾಯಿತು. ಹೀಗೆ ಕರ್ನಾಟಕದ ವಿಮಾನೋದ್ಯಮದ ಮೊದಲ ದೊಡ್ಡ ಪಾಠಶಾಲೆಯೇ ನಿರ್ವಹಣೆ. ಆ ಮೇಲೆ ಜಾಲಹಳ್ಳಿಯಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು ಬಂತು, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು, 2023ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ಬಳಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಯಿತು. 2024ರ ಆಗಸ್ಟಿನಲ್ಲಿ ದೇವನಹಳ್ಳಿ ನಿಲ್ದಾಣದ ಆವರಣದಲ್ಲೇ 35 ಎಕರೆಯ ನಿರ್ವಹಣಾ ಕೇಂದ್ರಕ್ಕೆ ಏರ್ ಇಂಡಿಯಾ ಅಡಿಗಲ್ಲಿಟ್ಟಿತು. ಕನಕಪುರ ರಸ್ತೆ ಹಿಡಿದು ಬೆಂಗಳೂರಿಗೆ ಹೋಗುವ ಮಳವಳ್ಳಿಯ ಹುಡುಗ ಹುಡುಗಿಯರಿಗೆ ಈ ಉದ್ಯಮ ದೂರದ್ದೇನಲ್ಲ.

ಕಾಲೇಜು ಆರಿಸುವ ಮೊದಲು

ಹಾಗಾದರೆ ಆಯ್ಕೆ ಹೇಗೆ? ಮೊದಲ ಪ್ರಶ್ನೆ ಕಟ್ಟಡದ್ದಲ್ಲ, ಅನುಮತಿಯದು. ತರಬೇತಿ ಸಂಸ್ಥೆಗೆ ಡಿಜಿಸಿಎಯಿಂದ ಸಿಎಆರ್-147 ಮಾನ್ಯತೆ ಇರಬೇಕು. ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಡಿಜಿಸಿಎ ಜಾಲತಾಣದಲ್ಲಿದೆ; ಅದನ್ನು ತೆರೆದು ಸಂಸ್ಥೆಯ ಹೆಸರಷ್ಟೇ ಅಲ್ಲ, ನಿಮಗೆ ಬೇಕಾದ ವರ್ಗಕ್ಕೆ ಮಾನ್ಯತೆ ಇದೆಯೇ, ಅದರ ಅವಧಿ ಮುಗಿದಿಲ್ಲವೇ ಎಂಬುದನ್ನೂ ನೋಡಬೇಕು. ಬಿ1.2ಕ್ಕೆ ಮಾತ್ರ ಮಾನ್ಯತೆ ಇರುವಲ್ಲಿ ಸೇರಿ ಏರ್‌ಬಸ್ ವಿಮಾನದ ಕನಸು ಕಂಡರೆ ದಾರಿ ಉದ್ದವಾಗುತ್ತದೆ. ಜೊತೆಗೆ ಪದವಿಯನ್ನೂ ಕೊಡುತ್ತೇವೆ ಎನ್ನುವ ಸಂಸ್ಥೆಯಾದರೆ, ಆ ಪದವಿ ಯಾವ ವಿಶ್ವವಿದ್ಯಾಲಯದ್ದು, ಅದಕ್ಕೆ ಯುಜಿಸಿ ಮಾನ್ಯತೆ ಇದೆಯೇ ಎಂದು ಬೇರೆಯಾಗಿಯೇ ವಿಚಾರಿಸಬೇಕು. ಎರಡು ಮಾನ್ಯತೆಗಳೂ ಬೇರೆ ಬೇರೆ. ಒಂದಿದ್ದರೆ ಇನ್ನೊಂದು ಇದ್ದೇ ಇರುತ್ತದೆ ಎಂದು ನಂಬುವಂತಿಲ್ಲ.

ಎರಡನೆಯ ಪ್ರಶ್ನೆ ಗಂಟೆಗಳದು. ಭಾರತದ ನಿಯಮ ಯೂರೋಪಿನ ನಿಯಮದ ಮಾದರಿಯಲ್ಲಿದೆ. ಅಲ್ಲಿ ಬಿ1.1 ಮತ್ತು ಬಿ2 ಕೋರ್ಸಿಗೆ ಕನಿಷ್ಠ 2400 ಗಂಟೆ ಬೇಕು; ಅದರಲ್ಲಿ ಪಾಠದ ಪಾಲು ನೂರಕ್ಕೆ 50ರಿಂದ 60, ಉಳಿದದ್ದು ಪ್ರಾಯೋಗಿಕ. ಅಂದರೆ ಹೆಚ್ಚು ಕಡಿಮೆ ಅರ್ಧ ಓದು ಕೈಯಿಂದ ಆಗಬೇಕು. ಸಂಸ್ಥೆಗೆ ಭೇಟಿ ಕೊಟ್ಟಾಗ ಅಂಗಳದಲ್ಲಿ ನಿಲ್ಲಿಸಿದ ವಿಮಾನವನ್ನು ನೋಡಿ ಮರುಳಾಗದೆ, ಅದರ ಎಂಜಿನ್ ಚಾಲೂ ಆಗುತ್ತದೆಯೇ, ವಿದ್ಯಾರ್ಥಿಗಳು ಅದನ್ನು ಬಿಚ್ಚಿ ಜೋಡಿಸುತ್ತಾರೆಯೇ, ಒಂದು ಬೆಂಚಿಗೆ ಎಷ್ಟು ಜನ, ಟಾರ್ಕ್ ರೆಂಚುಗಳ ಅಳತೆ ಸರಿಯಿದೆಯೆಂಬ ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ ಎಂದು ಕೇಳಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಹಾರಾಟದಲ್ಲಿರುವ ವಿಮಾನಗಳ ಮೇಲಿನ ತರಬೇತಿ ಯಾವ ಸಿಎಆರ್-145 ನಿರ್ವಹಣಾ ಸಂಸ್ಥೆಯಲ್ಲಿ, ಎಷ್ಟು ತಿಂಗಳು? ಅದಕ್ಕೆ ಲಿಖಿತ ಒಪ್ಪಂದ ಇದೆಯೇ? ಕಳೆದ ವರ್ಷ ಮುಗಿಸಿದವರು ಎಲ್ಲಿಗೆ ಹೋದರು, ಅವರಲ್ಲಿ ಎಷ್ಟು ಜನ ಲೈಸೆನ್ಸಿಗೆ ಬೇಕಾದ ಎಲ್ಲ ಮಾಡ್ಯೂಲ್ ಪರೀಕ್ಷೆಗಳಲ್ಲಿ ಪಾಸಾದರು? ಮಾನ್ಯತೆ ಪಡೆದ ಕೋರ್ಸ್ ಮುಗಿಸಿದವರಿಗೆ ಬಿ1.1 ಅಥವಾ ಬಿ2 ಲೈಸೆನ್ಸಿಗೆ ಎರಡು ವರ್ಷದ ಕೆಲಸದ ಅನುಭವ ಬೇಕು. ಅಂಥ ಯಾವ ತರಬೇತಿಯೂ ಇಲ್ಲದೆ ಬಂದವರಿಗೆ ಐದು ವರ್ಷ. ಈ ಮೂರು ವರ್ಷದ ಉಳಿತಾಯಕ್ಕಾಗಿಯೇ ಶುಲ್ಕ ಕಟ್ಟುತ್ತಿರುವುದು ಎಂದು ಪೋಷಕರು ನೆನಪಿಡಬೇಕು. ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಕೊಡದ ಸಂಸ್ಥೆಯನ್ನು ಬಿಟ್ಟು ಮುಂದೆ ಹೋಗುವುದೇ ಸರಿ.

ಲೈಸೆನ್ಸೇ ಮುಖ್ಯವಾದರೆ ಪದವಿ ಯಾಕೆ ಎಂಬ ಆಕ್ಷೇಪ ಸಹಜ. ಹ್ಯಾಂಗರಿನ ಒಳಗೆ ಪದವಿ ಇಲ್ಲದೆಯೂ ನಡೆಯುತ್ತದೆ, ನಿಜ. ಆದರೆ ಜೀವನ ಹ್ಯಾಂಗರಿನ ಆಚೆಗೂ ಇದೆ. ಕೆಪಿಎಸ್‌ಸಿ, ಯುಪಿಎಸ್‌ಸಿ ಪರೀಕ್ಷೆಗೆ, ಸ್ನಾತಕೋತ್ತರ ಓದಿಗೆ, ಪರದೇಶದ ವಿಶ್ವವಿದ್ಯಾಲಯಕ್ಕೆ ಪದವಿ ಬೇಕು. ಆರೋಗ್ಯದ ಕಾರಣಕ್ಕೋ ಉದ್ಯಮದ ಏರಿಳಿತಕ್ಕೋ ದಾರಿ ಬದಲಿಸಬೇಕಾದರೆ ಅದು ಕೈಹಿಡಿಯುತ್ತದೆ. ಹಾಗಾಗಿ ಲೈಸೆನ್ಸಿನ ತರಬೇತಿಯನ್ನು ಒಳಗೊಂಡ ಬಿ.ಎಸ್ಸಿ ಸಿಕ್ಕರೆ ಉತ್ತಮ. ಲೈಸೆನ್ಸಿಗೆ ದಾರಿಯಿಲ್ಲದ, ಹೆಸರಿನಲ್ಲಷ್ಟೇ ವಿಮಾನವಿರುವ ಪದವಿಗಿಂತ ಪದವಿಯಿಲ್ಲದ ಸಿಎಆರ್-147 ಕೋರ್ಸೇ ಮೇಲು.

ಮೂರು ಅಂಜಿಕೆಗಳು

ಕನ್ನಡ ಮಾಧ್ಯಮದಲ್ಲಿ ಓದಿದವರ ಅಂಜಿಕೆ ಇಂಗ್ಲಿಷಿನದು. ಪರೀಕ್ಷೆ, ಮ್ಯಾನ್ಯುಯಲ್, ದಾಖಲೆ ಎಲ್ಲವೂ ಇಂಗ್ಲಿಷಿನಲ್ಲೇ, ಇದನ್ನು ಮುಚ್ಚಿಡುವಂತಿಲ್ಲ. ಆದರೆ ಅದು ಕಾದಂಬರಿಯ ಇಂಗ್ಲಿಷಲ್ಲ. ನಾನಾ ದೇಶದ ಕೆಲಸಗಾರರಿಗೆ ತಪ್ಪು ಅರ್ಥ ಆಗಬಾರದೆಂದು ವಿಮಾನದ ಮ್ಯಾನ್ಯುಯಲ್‌ಗಳನ್ನು ಸರಳೀಕೃತ ತಾಂತ್ರಿಕ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಅದರ ನಿಘಂಟಿನಲ್ಲಿ ಒಪ್ಪಿತ ಸಾಮಾನ್ಯ ಪದಗಳು ಸುಮಾರು 900 ಮಾತ್ರ. ಒಂದು ಪದಕ್ಕೆ ಒಂದೇ ಅರ್ಥ, ವಾಕ್ಯಗಳು ಗಿಡ್ಡ. ತಾಂತ್ರಿಕ ಹೆಸರುಗಳು ಇದರ ಹೊರಗಿವೆ, ಅವನ್ನು ಕೆಲಸ ಮಾಡುತ್ತಲೇ ಕಲಿಯುವುದು. ಪಿಯುಸಿ ಮುಗಿಸಿದ ಶ್ರದ್ಧಾವಂತ ವಿದ್ಯಾರ್ಥಿ ದಿನವೂ ಒಂದೆರಡು ಪುಟ ಓದಿ, ಅರ್ಥವನ್ನು ಕನ್ನಡದಲ್ಲಿ ಬರೆದುಕೊಂಡು, ಅದೇ ಹಂತಗಳನ್ನು ಕೈಯಿಂದ ಮಾಡಿದರೆ ಒಂದು ವರ್ಷದಲ್ಲಿ ಈ ಭಾಷೆ ಹಿಡಿತಕ್ಕೆ ಬರುವುದು ಕಷ್ಟವಲ್ಲ.

ಎರಡನೆಯದು ಖರ್ಚು. ಖಾಸಗಿ ಸಂಸ್ಥೆಗಳ ಶುಲ್ಕ ಹಲವು ಲಕ್ಷಕ್ಕೆ ಹೋಗುತ್ತದೆ. ಕಬ್ಬು, ರೇಷ್ಮೆಯ ಬೆಲೆ ನಂಬಿದ ಮನೆಗೆ ಇದು ದೊಡ್ಡ ಹೊರೆ. ಜಮೀನು ಮಾರುವ ಮೊದಲು ಬ್ಯಾಂಕಿಗೆ ಹೋಗಬೇಕು. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಡಿಜಿಸಿಎ ಅನುಮೋದಿತ ಏರೋನಾಟಿಕಲ್ ಪದವಿ, ಡಿಪ್ಲೊಮಾ ಕೋರ್ಸುಗಳು ಸೇರಿವೆ. ಕೇಂದ್ರದ ಸಾಲ ಖಾತರಿ ನಿಧಿಯ ನೆರವಿನಿಂದ ಏಳೂವರೆ ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡವು ಬೇಕಿಲ್ಲ. ವಿದ್ಯಾಲಕ್ಷ್ಮಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಶುಲ್ಕದ ಜೊತೆ ಊಟ, ವಸತಿ, ಪರೀಕ್ಷಾ ಶುಲ್ಕ, ಮುಂದೆ ಬರುವ ಟೈಪ್ ರೇಟಿಂಗ್ ಖರ್ಚು ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಟೈಪ್ ರೇಟಿಂಗ್ ಎಂದರೆ ಏರ್‌ಬಸ್ 320, ಬೋಯಿಂಗ್ 737 ಹೀಗೆ ಒಂದೊಂದು ಮಾದರಿಗೂ ಬೇಕಾದ ಪ್ರತ್ಯೇಕ ತರಬೇತಿ. ಅದಾದ ಮೇಲಷ್ಟೇ ಆ ವಿಮಾನಕ್ಕೆ ಪೂರ್ಣ ಪ್ರಮಾಣದ ಸಹಿ. ಅಲ್ಲಿಯವರೆಗೆ ಟೆಕ್ನಿಷಿಯನ್ ಆಗಿ ಕಡಿಮೆ ಸಂಬಳದಲ್ಲಿ ದುಡಿಯುವ ವರ್ಷಗಳಿರುತ್ತವೆ. ಅಷ್ಟು ಹಣ ಹೊಂದಿಸಲಾಗದವರಿಗೆ ಬೇರೆ ದಾರಿಗಳೂ ಇವೆ: ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಆಮೇಲೆ ಇತ್ತ ಬರುವುದು, ಐಟಿಐ ಮುಗಿಸಿ ಎಚ್‌ಎಎಲ್‌ನಲ್ಲಿ ಅಪ್ರೆಂಟಿಸ್ ಆಗುವುದು, ವಾಯುಪಡೆಯ ತಾಂತ್ರಿಕ ವಿಭಾಗ ಸೇರುವುದು.

ಮೂರನೆಯದು ಕೆಲಸದ ಭದ್ರತೆ. ಬೆಂಗಳೂರಿನದೇ ಆದ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ. ಈ ಅಪಾಯ ಸುಳ್ಳಲ್ಲ. ಆದರೆ ಕಿಂಗ್‌ಫಿಷರ್ ನಿಂತ ಬಗೆಯನ್ನು ಗಮನಿಸಿ: ತಿಂಗಳುಗಟ್ಟಲೆ ಸಂಬಳ ಸಿಗದ ಎಂಜಿನಿಯರುಗಳು ಮುಷ್ಕರ ಹೂಡಿದಾಗ ವಿಮಾನಗಳಿಗೆ ಸಹಿ ಹಾಕುವವರಿಲ್ಲದೆ ಹಾರಾಟವೇ ಸ್ಥಗಿತವಾಯಿತು. ಆ ಸಹಿಯ ತೂಕ ಅಷ್ಟು. ಕಂಪನಿ ಮುಚ್ಚಿದರೂ ಲೈಸೆನ್ಸ್ ವ್ಯಕ್ತಿಯ ಬಳಿಯೇ ಉಳಿಯುತ್ತದೆ, ಇನ್ನೊಂದು ಕಂಪನಿಗೆ ಅದನ್ನು ಒಯ್ಯಬಹುದು. ಬೇಡಿಕೆಯ ಕಡೆ ನೋಡಿದರೆ, 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟಿವೆ. ವಿಮಾನ ದುರಸ್ತಿಯ ಮೇಲಿನ ಜಿಎಸ್‌ಟಿ 2020ರಲ್ಲಿ ಶೇ 18ರಿಂದ ಶೇ 5ಕ್ಕೆ ಇಳಿದು, ಹೊರದೇಶಕ್ಕೆ ಹೋಗುತ್ತಿದ್ದ ದುರಸ್ತಿ ಕೆಲಸ ಇಲ್ಲೇ ಆಗಲು ಅನುಕೂಲವಾಗಿದೆ. ಬರುವ ವಿಮಾನಗಳೆಲ್ಲ ನಿಗದಿತ ಗಂಟೆ, ನಿಗದಿತ ಹಾರಾಟಕ್ಕೊಮ್ಮೆ ತಪಾಸಣೆಗೆ ಬಂದೇ ತೀರಬೇಕು. ಇದು ಕೋರ್ಸ್ ಮುಗಿಸಿದ ಎಲ್ಲರಿಗೂ ಕೆಲಸದ ಖಾತರಿಯಲ್ಲ. ಮಾಡ್ಯೂಲ್ ಪೂರ್ಣಗೊಳಿಸಿ ಲೈಸೆನ್ಸ್ ಪಡೆದವರಿಗೆ ನಿಲ್ಲಲು ಗಟ್ಟಿ ನೆಲ.

ಓದುವ ಬಗೆ

ಸೇರಿದ ಮೇಲೆ ಮೊದಲ ದಿನದಿಂದಲೇ ಎರಡು ಲೆಕ್ಕ ಇಡಬೇಕು. ಒಂದು ಮಾಡ್ಯೂಲ್‌ಗಳದು. ಗಣಿತ, ಭೌತಶಾಸ್ತ್ರ, ವಿದ್ಯುತ್, ಎಲೆಕ್ಟ್ರಾನಿಕ್ಸ್‌ನಿಂದ ಹಿಡಿದು ಸಾಮಗ್ರಿ, ನಿರ್ವಹಣಾ ಪದ್ಧತಿ, ವಾಯುಚಲನೆ, ಮಾನವ ಅಂಶಗಳು, ಕಾನೂನು, ಗ್ಯಾಸ್ ಟರ್ಬೈನ್, ಪ್ರೊಪೆಲರ್‌ವರೆಗೆ ಪರೀಕ್ಷೆಗಳಿವೆ. ಪ್ರತಿಯೊಂದರಲ್ಲೂ ನೂರಕ್ಕೆ 75 ಬಂದರಷ್ಟೇ ಪಾಸು. ಗಣಿತ, ಭೌತಶಾಸ್ತ್ರಗಳನ್ನು ಪಿಯುಸಿ ನೆನಪು ಹಸಿಯಾಗಿರುವಾಗಲೇ ಮುಗಿಸಿಬಿಡಬೇಕು. ನಿರ್ವಹಣಾ ಪದ್ಧತಿಯ ಮಾಡ್ಯೂಲನ್ನು ವರ್ಕ್‌ಶಾಪಿನ ಕೆಲಸದ ಜೊತೆಜೊತೆಗೇ ಓದಿದರೆ ಬಾಯಿಪಾಠ ಬೇಕಾಗದು. ಕಾನೂನಿನ ಮಾಡ್ಯೂಲಿಗೆ ಹಳೆಯ ನೋಟ್ಸ್ ಸಾಲದು: 1934ರ ವಿಮಾನ ಕಾಯ್ದೆಯ ಜಾಗಕ್ಕೆ 2024ರ ಭಾರತೀಯ ವಾಯುಯಾನ ಅಧಿನಿಯಮ ಬಂದು, 2025ರ ಜನವರಿ 1ರಿಂದ ಜಾರಿಯಲ್ಲಿದೆ.

ಇನ್ನೊಂದು ಕೈಕೆಲಸದ ಲೆಕ್ಕ. ಸೇಫ್ಟಿ ವೈರ್ ಬಿಗಿಯುವುದು, ರಿವೆಟ್ ಹೊಡೆಯುವುದು, ಟಾರ್ಕ್ ಕೊಡುವುದು, ತಂತಿ ಕ್ರಿಂಪ್ ಮಾಡುವುದು, ಎಂಜಿನ್ನಿನೊಳಗೆ ಬೋರೋಸ್ಕೋಪ್ ಇಳಿಸಿ ಬ್ಲೇಡಿನ ಬಿರುಕು ಹುಡುಕುವುದು, ಕೆಲಸ ಮುಗಿದ ಮೇಲೆ ಪ್ರತಿ ಸ್ಪ್ಯಾನರನ್ನೂ ಎಣಿಸಿ ಅದರ ಜಾಗಕ್ಕೆ ಇಡುವುದು: ಯಾವುದನ್ನು ಎಂದು, ಯಾರ ಮೇಲ್ವಿಚಾರಣೆಯಲ್ಲಿ, ಮ್ಯಾನ್ಯುಯಲ್ಲಿನ ಯಾವ ಅಧ್ಯಾಯದಂತೆ ಮಾಡಿದಿರಿ ಎಂದು ಲಾಗ್‌ಬುಕ್ಕಿನಲ್ಲಿ ಅಂದೇ ಬರೆದು ಅಂದೇ ಸಹಿ ಪಡೆಯಬೇಕು. ಮಾಡದ ಕೆಲಸವನ್ನು ಮಾಡಿದೆನೆಂದು ಬರೆಸುವ, ತಿಂಗಳ ಕೊನೆಗೆ ಒಟ್ಟಿಗೆ ಸಹಿ ಹಾಕಿಸುವ ರೂಢಿ ಕಂಡರೆ ಅದರಿಂದ ದೂರವಿರಬೇಕು. ಸುಳ್ಳು ದಾಖಲೆಗೆ ಒಗ್ಗಿದ ವಿದ್ಯಾರ್ಥಿ ನಾಳೆ ನೂರೆಂಬತ್ತು ಪ್ರಯಾಣಿಕರ ವಿಮಾನಕ್ಕೂ ಹಾಗೆಯೇ ಸಹಿ ಹಾಕಿಯಾನು. ಬಣ್ಣಗುರುಡು ಇದೆಯೇ ಎಂದು ಸೇರುವ ಮೊದಲೇ ಕಣ್ಣಿನ ವೈದ್ಯರಲ್ಲಿ ಪರೀಕ್ಷಿಸಿಕೊಳ್ಳುವುದೂ ಒಳ್ಳೆಯದು. ಸೂಚಕ ದೀಪಗಳನ್ನು, ಕೊಳವೆಗಳ ಮೇಲಿನ ಬಣ್ಣದ ಪಟ್ಟಿಗಳನ್ನು ಗುರುತಿಸುವ ಕೆಲಸವಿದು.

ಈ ಓದು ಎಲ್ಲರಿಗೂ ಅಲ್ಲ. ರಾತ್ರಿಪಾಳಿ, ಮಳೆ ಬಿಸಿಲಿನಲ್ಲಿ ನಿಂತು ಮಾಡುವ ಕೆಲಸ, ಹತ್ತು ವರ್ಷವಾದರೂ ಮುಗಿಯದ ಪರೀಕ್ಷೆ, ತರಬೇತಿಗಳನ್ನು ಒಪ್ಪಿಕೊಳ್ಳುವವರಿಗೆ ಮಾತ್ರ. ವಿಮಾನವೆಂಬ ಬೆಡಗಿಗೆ ಮನಸೋತವರು ಬೇಗ ಬೇಸರಗೊಳ್ಳುತ್ತಾರೆ. ಯಂತ್ರವೊಂದು ಯಾಕೆ ಹೀಗೆ ನಡೆಯುತ್ತದೆ, ಯಾಕೆ ನಿಂತಿತು ಎಂದು ಕೇಳದೆ ಇರಲಾಗದವರು ಉಳಿಯುತ್ತಾರೆ. ಅಂಥ ಮಗನೋ ಮಗಳೋ ಮನೆಯಲ್ಲಿದ್ದರೆ, ಸಿಇಟಿಯಲ್ಲಿ ಸಿಕ್ಕ ಯಾವುದೋ ಬ್ರಾಂಚಿಗೆ ತಳ್ಳುವ ಮೊದಲು ಡಿಜಿಸಿಎ ಪಟ್ಟಿ ತೆರೆದು, ಎರಡು ಮೂರು ಸಂಸ್ಥೆಗಳಿಗೆ ಅವರನ್ನು ಕರೆದುಕೊಂಡು ಹೋಗಿ, ಲೈಸೆನ್ಸಿನ ವರ್ಗ, ಪ್ರಾಯೋಗಿಕ ಗಂಟೆ, ನಿರ್ವಹಣಾ ಸಂಸ್ಥೆಯ ಒಪ್ಪಂದ ಈ ಮೂರನ್ನು ಕೇಳಿ ಬನ್ನಿ. ಮೂರಕ್ಕೂ ನೇರ ಉತ್ತರ ಸಿಕ್ಕ ಕಡೆ ಸೇರಿಸಿ. ಸಿಗದಿದ್ದರೆ ಒಂದು ವರ್ಷ ತಡವಾದರೂ ಚಿಂತೆಯಿಲ್ಲ, ಡಿಪ್ಲೊಮಾ ದಾರಿ ಹಿಡಿದು ಬರಲಿ. ಸಹಿಯ ಅಧಿಕಾರಕ್ಕೆ ಒಯ್ಯದ ಕೋರ್ಸಿಗೆ ಮಾತ್ರ ಹಣ ಕಟ್ಟಬೇಡಿ.